ಎದುರಾಳಿಗೂ ಹಾಕಲ್ಲ, ನಮ್ಮವರಿಗೂ ಹಾಕಲ್ಲ: ಕಟ್ಟಾ ಬೆಂಬಲಿಗರ ಮುನಿಸು

2009ರಲ್ಲಿ ಜಪಾನಿನ ಲಿಬರಲ್ ಡೆಮಾಕ್ರಟಿಕ್ ಪಕ್ಷ, ಅಂದರೆ ಎಲ್‌ಡಿಪಿ, ಹೀನಾಯವಾಗಿ ಸೋತಿತು. ಕೆಳಮನೆಯಲ್ಲಿ ಅದಕ್ಕೆ ಉಳಿದದ್ದು 119 ಸೀಟು. ಮೂರು ವರ್ಷ ಕಳೆದು 2012ರಲ್ಲಿ ಅದೇ ಪಕ್ಷ 294 ಸೀಟು ಗೆದ್ದು ಅಧಿಕಾರಕ್ಕೆ ಮರಳಿತು. ಜನ ಮನಸ್ಸು ಬದಲಿಸಿ ಮತ್ತೆ ಅದಕ್ಕೇ ವೋಟು ಹಾಕಿದರು ಅಂತ ಯಾರಿಗಾದರೂ ಅನಿಸುತ್ತದೆ. ಲೆಕ್ಕ ತೆಗೆದು ನೋಡಿದರೆ ಹಾಗಿಲ್ಲ. ಅಲ್ಲಿ ಮತದಾರರು ಕ್ಷೇತ್ರದ ಅಭ್ಯರ್ಥಿಗೆ ಒಂದು ವೋಟು, ಪಕ್ಷಕ್ಕೆ ಇನ್ನೊಂದು ವೋಟು ಹಾಕುತ್ತಾರೆ. ಸೋತ ವರ್ಷ ಎಲ್‌ಡಿಪಿ ಪಕ್ಷಕ್ಕೆ ಬಿದ್ದ ವೋಟು ಸುಮಾರು 1.88 ಕೋಟಿ. ಗೆದ್ದ ವರ್ಷ ಬಿದ್ದದ್ದು ಸುಮಾರು 1.66 ಕೋಟಿ. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ವೋಟು ಕಳೆದುಕೊಂಡೂ ಆ ಪಕ್ಷ ಗೆದ್ದಿತು.

ಅದು ಹೇಗೆ? ಎದುರಿಗಿದ್ದ ಡೆಮಾಕ್ರಟಿಕ್ ಪಕ್ಷ ಕುಸಿದು ಬಿದ್ದಿತ್ತು. 2009ರಲ್ಲಿ ಅದಕ್ಕೆ ಸುಮಾರು 2.98 ಕೋಟಿ ವೋಟು ಸಿಕ್ಕಿತ್ತು. 2012ರಲ್ಲಿ ಅದು ಒಂದು ಕೋಟಿಗೂ ಕೆಳಗೆ ಇಳಿಯಿತು. 308 ಸೀಟು ಇದ್ದದ್ದು 57 ಆಯಿತು. ಆ ವೋಟುಗಳಲ್ಲಿ ದೊಡ್ಡ ಪಾಲು ಹೊಸ ಪಕ್ಷಗಳ ಕಡೆ ಹೋಯಿತು, ನಿಜ. ಆದರೆ ಒಟ್ಟು ಮತದಾನವೂ ಶೇ. 69ರಿಂದ ಶೇ. 59ಕ್ಕೆ ಇಳಿದಿತ್ತು. ಹಿಂದಿನ ಚುನಾವಣೆಗಿಂತ ಸುಮಾರು ಒಂದು ಕೋಟಿ ಕಡಿಮೆ ಜನ ಬೂತಿಗೆ ಬಂದಿದ್ದರು.

ಫಲಿತಾಂಶದ ದಿನ ಎಲ್ಲರೂ ಚರ್ಚೆ ಮಾಡುವುದು ಯಾರ ವೋಟು ಯಾರ ಕಡೆ ವಾಲಿತು ಎಂಬುದನ್ನು. ಯಾರ ಕಡೆಗೂ ಹೋಗದ ವೋಟಿನ ಬಗ್ಗೆ ಮಾತು ಕಡಿಮೆ. ಮಾತು ಬಂದರೂ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಜನರಿಗೆ ಆಸಕ್ತಿ ಇಲ್ಲ, ಸೋಮಾರಿಗಳು, ರಜೆ ಸಿಕ್ಕಿತು ಅಂತ ಊರು ಸುತ್ತೋಕೆ ಹೋದರು.

ಯಾವತ್ತೂ ವೋಟು ಹಾಕದವರ ಬಗ್ಗೆ ಇದು ಸ್ವಲ್ಪ ಮಟ್ಟಿಗೆ ಸರಿ ಇರಬಹುದು. ನಾನು ಇಲ್ಲಿ ಹೇಳಲು ಹೊರಟಿರುವುದು ಬೇರೆಯದೇ ಜನರ ಬಗ್ಗೆ. ಇವರು ಇಪ್ಪತ್ತು, ಮೂವತ್ತು ವರ್ಷ ಒಂದೇ ಚಿಹ್ನೆಗೆ ವೋಟು ಹಾಕಿದವರು. ಪಕ್ಷ ಗೆದ್ದಾಗ ತಾವೇ ಗೆದ್ದಂತೆ ಖುಷಿಪಟ್ಟವರು. ಪಕ್ಷದ ಪರವಾಗಿ ನೆಂಟರ ಜತೆ, ಸ್ನೇಹಿತರ ಜತೆ ವಾದ ಮಾಡಿದವರು. ರಾಜಕೀಯದ ಸುದ್ದಿ ದಿನಾ ಓದುವವರು. ಇಂಥವರು ಒಂದು ಚುನಾವಣೆಯಲ್ಲಿ ಸುಮ್ನೆ ಮನೆಯಲ್ಲಿ ಕೂತುಬಿಡುತ್ತಾರೆ. ಯಾಕೆ ಅಂತ ಕೇಳಿದರೆ, "ಈ ಸಲ ಮನಸ್ಸಾಗ್ತಿಲ್ಲ" ಅನ್ನುತ್ತಾರೆ. ಹಾಗಾದರೆ ಆ ಕಡೆಯವರಿಗೆ ಹಾಕ್ತೀರಾ ಅಂದರೆ, "ಛೇ, ಅವರಿಗೆ ಹೇಗೆ ಹಾಕೋದು?" ಅನ್ನುತ್ತಾರೆ.

ಈ ಎರಡು ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಇದೆ: ಮುನಿಸು. ಮುನಿಸಿಕೊಳ್ಳುವುದು ನಮ್ಮವರ ಮೇಲೆ ಮಾತ್ರ. ಪರಿಚಯವೇ ಇಲ್ಲದವರ ಮೇಲೆ ಸಿಟ್ಟು ಬರಬಹುದು, ಮುನಿಸು ಬರುವುದಿಲ್ಲ. ಕಟ್ಟಾ ಬೆಂಬಲಿಗರು ವೋಟು ಹಾಕದೆ ಉಳಿಯುವುದಕ್ಕೆ ಎಷ್ಟೋ ಸಲ ಅವರ ನಿಷ್ಠೆಯೇ ಕಾರಣ ಅಂತ ನನಗೆ ಅನಿಸುತ್ತದೆ. ನಿಷ್ಠೆ ಇಲ್ಲದವರಾಗಿದ್ದರೆ ಆರಾಮವಾಗಿ ಇನ್ನೊಂದು ಪಕ್ಷಕ್ಕೆ ಹಾಕಿ ಬರುತ್ತಿದ್ದರು.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಇದಕ್ಕೆ ಹತ್ತಿರದ ಒಂದು ವಿಷಯವನ್ನು ಬಿಡಿಸಿ ಹೇಳಿದ್ದರು. ಅವರಿಗೆ ಅದು ಹೊಳೆದದ್ದು ನೈಜೀರಿಯಾದ ರೈಲ್ವೆಯನ್ನು ನೋಡಿ. ರೈಲಿನ ಸೇವೆ ಕೆಟ್ಟಿತ್ತು. ಪೈಪೋಟಿಗೆ ಲಾರಿಗಳಿದ್ದವು. ಆದರೂ ರೈಲ್ವೆ ಸುಧಾರಿಸಲಿಲ್ಲ. ಯಾಕೆಂದರೆ ದೂರು ಕೊಟ್ಟು ಗಲಾಟೆ ಮಾಡಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋಗಿಬಿಟ್ಟಿದ್ದರು. ಒಂದು ಸಂಸ್ಥೆ ಕೆಟ್ಟಾಗ ಜನರ ಮುಂದೆ ಎರಡು ದಾರಿ ಇರುತ್ತವೆ ಅನ್ನುತ್ತಾರೆ ಹರ್ಷ್‌ಮನ್: ಬಿಟ್ಟು ಹೋಗುವುದು, ಇಲ್ಲವೇ ಒಳಗಿದ್ದುಕೊಂಡೇ ದನಿ ಎತ್ತುವುದು. ನಿಷ್ಠೆ ಇದ್ದವರು ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ. ಮೊದಲು ದನಿ ಎತ್ತಿ ನೋಡುತ್ತಾರೆ. ಪಕ್ಷಗಳ ವಿಷಯದಲ್ಲಿ ತೊಡಕು ಇರುವುದು ಇಲ್ಲೇ. ದನಿ ಎತ್ತಿದರೂ ಕೇಳುವವರಿಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲ. ಆಗ ಉಳಿಯುವುದು ಬಾಗಿಲ ಹತ್ತಿರ ಹೋಗಿ ನಿಂತುಬಿಡುವುದು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಅಲ್ಲಿಯ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಎಎನ್‌ಸಿ, ಬರೀ ಒಂದು ರಾಜಕೀಯ ಪಕ್ಷ ಆಗಿರಲಿಲ್ಲ. ವರ್ಣಭೇದದ ವಿರುದ್ಧ ಹೋರಾಡಿದ ಚಳವಳಿ ಅದು. ನೆಲ್ಸನ್ ಮಂಡೇಲಾ ಅವರ ಪಕ್ಷ. 1994ರಲ್ಲಿ ಮೊದಲ ಬಾರಿ ವೋಟು ಹಾಕಲು ಮೈಲುಗಟ್ಟಲೆ ಸಾಲಿನಲ್ಲಿ ನಿಂತವರಿಗೆ ಆ ಪಕ್ಷ ಅಂದರೆ ಸ್ವಾತಂತ್ರ್ಯವೇ. ಅದನ್ನು ಬಿಟ್ಟು ಇನ್ನೊಂದು ಚಿಹ್ನೆಯ ಮುಂದೆ ಗುರುತು ಹಾಕುವುದು ಅಂದರೆ ಅಪ್ಪ ಅಮ್ಮನ ಹೋರಾಟಕ್ಕೆ ಬೆನ್ನು ತೋರಿಸಿದ ಹಾಗೆ.

ಆಮೇಲೆ ಬಂದವು ಭ್ರಷ್ಟಾಚಾರದ ವರ್ಷಗಳು. ಜೇಕಬ್ ಜುಮಾ ಅಧ್ಯಕ್ಷರಾಗಿದ್ದ ಕಾಲದಲ್ಲಿ ಸರ್ಕಾರದ ಕಂಪನಿಗಳನ್ನೇ ಲೂಟಿ ಮಾಡಿದ ಆರೋಪಗಳು ಸಾಲುಗಟ್ಟಿದವು. ಕರೆಂಟು ದಿನಕ್ಕೆ ಹಲವು ಗಂಟೆ ಹೋಗತೊಡಗಿತು. ನಿರುದ್ಯೋಗ ಶೇ. 30 ದಾಟಿತು. ಈಗ ಎಎನ್‌ಸಿಗೆ ಬಿದ್ದ ವೋಟುಗಳನ್ನು ಸಾಲಾಗಿ ನೋಡಿ. 2009ರಲ್ಲಿ ಸುಮಾರು 1.16 ಕೋಟಿ. 2014ರಲ್ಲಿ 1.14 ಕೋಟಿ. 2019ರಲ್ಲಿ ಒಂದು ಕೋಟಿ. 2024ರಲ್ಲಿ ಸುಮಾರು 65 ಲಕ್ಷ. ಈ ಅವಧಿಯಲ್ಲಿ ಮತದಾರರ ಪಟ್ಟಿ ಚಿಕ್ಕದಾಗಲಿಲ್ಲ. 2.3 ಕೋಟಿ ಇದ್ದದ್ದು 2.7 ಕೋಟಿ ದಾಟಿತು. ಮತದಾನ ಮಾತ್ರ ಶೇ. 77ರಿಂದ ಶೇ. 59ರ ಆಸುಪಾಸಿಗೆ ಇಳಿಯಿತು.

ಈ ವೋಟುಗಳೆಲ್ಲ ವಿರೋಧ ಪಕ್ಷಕ್ಕೆ ಹೋದವಾ? 2014ರಿಂದ 2019ರ ನಡುವೆ ಎಎನ್‌ಸಿ ಸುಮಾರು 14 ಲಕ್ಷ ವೋಟು ಕಳೆದುಕೊಂಡಿತು. ಅದೇ ಅವಧಿಯಲ್ಲಿ ಮುಖ್ಯ ವಿರೋಧ ಪಕ್ಷ ಡೆಮಾಕ್ರಟಿಕ್ ಅಲಯನ್ಸ್ ಕೂಡ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಕಳೆದುಕೊಂಡಿತು! ಎಎನ್‌ಸಿಯಿಂದಲೇ ಒಡೆದು ಬಂದ ಎಕನಾಮಿಕ್ ಫ್ರೀಡಂ ಫೈಟರ್ಸ್ ಗಳಿಸಿದ್ದು ಸುಮಾರು ಏಳು ಲಕ್ಷ. 2024ರಲ್ಲಿ ಜುಮಾ ಅವರ ಹೊಸ ಪಕ್ಷ 23 ಲಕ್ಷ ವೋಟು ಪಡೆಯಿತು. ಅದೆಲ್ಲವೂ ಎಎನ್‌ಸಿಯಿಂದಲೇ ಬಂದದ್ದು ಅಂತ ಇಟ್ಟುಕೊಂಡರೂ ಎಎನ್‌ಸಿ ಕಳೆದುಕೊಂಡ 35 ಲಕ್ಷದಲ್ಲಿ ಇನ್ನೂ ಹನ್ನೆರಡು ಲಕ್ಷ ಬಾಕಿ ಉಳಿಯುತ್ತದೆ. ಆ ವರ್ಷವೂ ಡೆಮಾಕ್ರಟಿಕ್ ಅಲಯನ್ಸ್‌ನ ವೋಟು ಏರಲಿಲ್ಲ, ಇನ್ನಷ್ಟು ಇಳಿಯಿತು. ತಮ್ಮ ಪಕ್ಷದ ಮೇಲೆ ನಂಬಿಕೆ ಹೋದ ಮೇಲೂ ಎದುರು ಪಕ್ಷ ಇವರಲ್ಲಿ ಎಷ್ಟೋ ಜನರಿಗೆ ತಮ್ಮದು ಅನಿಸಲಿಲ್ಲ.

2014ರಲ್ಲಿ ರಾನಿ ಕಾಸ್ರಿಲ್ಸ್ ಒಂದು ಕರೆ ಕೊಟ್ಟಿದ್ದರು. ಇವರು ಎಎನ್‌ಸಿಯ ಹಳೆಯ ಹೋರಾಟಗಾರ, ಮಂತ್ರಿಯೂ ಆಗಿದ್ದವರು. ಎಎನ್‌ಸಿಗೆ ಹಾಕಬೇಡಿ, ಸಣ್ಣ ಪಕ್ಷಕ್ಕೆ ಹಾಕಿ, ಇಲ್ಲವೇ ಮತಪತ್ರವನ್ನು ಬೇಕೆಂದೇ ಹಾಳುಮಾಡಿ ಬನ್ನಿ ಎಂದಿದ್ದರು. ಮನೆಯಲ್ಲಿ ಕೂರುವುದಕ್ಕಿಂತ ಅದು ಒಳ್ಳೆಯದು ಎಂಬುದು ಅವರ ವಾದ. ಪಕ್ಷದವರು ಅವರ ಮೇಲೆ ಉರಿದುಬಿದ್ದರು. ಜನರಲ್ಲಿ ಬಹಳಷ್ಟು ಮಂದಿ ಅವರ ಮಾತನ್ನೂ ಕೇಳಲಿಲ್ಲ, ಪಕ್ಷದ ಮಾತನ್ನೂ ಕೇಳಲಿಲ್ಲ. ಮನೆಯಲ್ಲೇ ಉಳಿದರು.

ಇನ್ನು ಪಕ್ಷಗಳ ಕಡೆಯಿಂದ ನೋಡೋಣ. ಪಕ್ಷದ ಲೆಕ್ಕಾಚಾರದವರಿಗೆ ಒಂದು ಸರಳ ಗಣಿತ ಗೊತ್ತು. ನನ್ನ ಒಬ್ಬ ಮತದಾರ ಎದುರಾಳಿಗೆ ವೋಟು ಹಾಕಿದರೆ ನನಗೆ ಒಂದು ಕಡಿಮೆ, ಅವರಿಗೆ ಒಂದು ಜಾಸ್ತಿ. ಅಂತರದಲ್ಲಿ ಎರಡು ವೋಟಿನ ವ್ಯತ್ಯಾಸ. ಅದೇ ಮತದಾರ ಮನೆಯಲ್ಲಿ ಕೂತರೆ ವ್ಯತ್ಯಾಸ ಒಂದೇ. ಹಾಗಾಗಿ ಅತ್ತ ಇತ್ತ ಹೊಯ್ದಾಡುವವರ ಹಿಂದೆ ಪಕ್ಷ ಓಡುತ್ತದೆ. ಕಟ್ಟಾ ಬೆಂಬಲಿಗರ ವಿಷಯ ಬಂದಾಗ, "ಇವರೆಲ್ಲಿಗೆ ಹೋಗ್ತಾರೆ ಬಿಡಿ" ಅನ್ನುತ್ತದೆ.

ಈ "ಎಲ್ಲಿಗೆ ಹೋಗ್ತಾರೆ" ಎಂಬ ಮಾತು ನನಗೆ ಬಹಳ ನೋವು ಕೊಡುವ ಮಾತು. ನಿಷ್ಠೆ ತೋರಿಸಿದವರಿಗೆ ಸಿಗುವ ಬಹುಮಾನ ಇದೇನಾ? ಅರ್ಥಶಾಸ್ತ್ರಜ್ಞ ಆಂತೊನಿ ಡೌನ್ಸ್ 1957ರಷ್ಟು ಹಿಂದೆಯೇ ಇದರ ಅಪಾಯ ತೋರಿಸಿದ್ದರು. ಎರಡು ಪಕ್ಷಗಳಿರುವಲ್ಲಿ ಎರಡೂ ನಡುವಿನ ಮತದಾರರ ಕಡೆ ಸರಿಯುತ್ತವೆ ಎಂದು ತರ್ಕ ಕಟ್ಟಿದವರು ಅವರೇ. ಜತೆಗೆ, ಪಕ್ಷ ತೀರಾ ನಡುವಿಗೆ ಸರಿದರೆ ಅಂಚಿನಲ್ಲಿ ಉಳಿದ ಬೆಂಬಲಿಗರು ವೋಟು ಹಾಕದೆ ಎಚ್ಚರಿಕೆ ಕೊಡಬಹುದು ಎಂದೂ ಹೇಳಿದ್ದರು. ಇವತ್ತಿನ ಚುನಾವಣೆ ಸೋತರೂ ಪರವಾಗಿಲ್ಲ, ಮುಂದಿನ ಸಲ ಪಕ್ಷ ಸರಿಹೋಗಲಿ ಎಂಬ ಆಸೆ ಅದರ ಹಿಂದೆ ಇರುತ್ತದೆ.

ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ, ಎಸ್‌ಪಿಡಿ, ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಅದು ಕಾರ್ಮಿಕರ ಪಕ್ಷ. ಗೆರ್ಹಾರ್ಡ್ ಶ್ರೋಡರ್ ಚಾನ್ಸಲರ್ ಆಗಿದ್ದಾಗ, 2003ರಿಂದ, ನಿರುದ್ಯೋಗಿಗಳಿಗೆ ಸಿಗುವ ನೆರವನ್ನು ಬಿಗಿಗೊಳಿಸುವ ಸುಧಾರಣೆಗಳನ್ನು ತಂದರು. ಆಮೇಲೆ ಎದುರಾಳಿಗಳ ಜತೆ ಸೇರಿ ಸರ್ಕಾರ ಮಾಡಿದಾಗ ನಿವೃತ್ತಿ ವಯಸ್ಸನ್ನು 67ಕ್ಕೆ ಏರಿಸುವ ಕಾನೂನಿಗೂ ಪಕ್ಷ ಕೈ ಎತ್ತಿತು. ಇದೇ ಹೊತ್ತಿಗೆ ಎದುರಾಳಿ ಪಕ್ಷದ ನಾಯಕಿ ಆಂಗೆಲಾ ಮರ್ಕೆಲ್ ಬೇರೆ ಬಗೆಯ ಪ್ರಚಾರ ನಡೆಸಿದರು. ಜಗಳ ಎಬ್ಬಿಸುವ ವಿಷಯಗಳನ್ನು ಎತ್ತುತ್ತಲೇ ಇರಲಿಲ್ಲ. ಎದುರಾಳಿಯ ಬೇಡಿಕೆಗಳನ್ನು ಮೆಲ್ಲಗೆ ತಮ್ಮವೇ ಮಾಡಿಕೊಳ್ಳುತ್ತಿದ್ದರು. ತಮ್ಮ ಕಡೆಯವರು ಒಂದಿಷ್ಟು ಕಡಿಮೆ ಬಂದರೂ ಸರಿ, ಆ ಕಡೆಯವರು ಇನ್ನೂ ಕಡಿಮೆ ಬರಲಿ ಎಂಬುದು ಲೆಕ್ಕ. ಇದಕ್ಕೆ ಅಲ್ಲಿಯ ಚುನಾವಣಾ ವಿಶ್ಲೇಷಕರು ಇಟ್ಟ ಹೆಸರು "ಅಸಮ ನಿರುತ್ಸಾಹ" ಎಂಬ ಅರ್ಥದ್ದು. 2009ರಲ್ಲಿ ಮತದಾನ ಶೇ. 77.7ರಿಂದ ಶೇ. 70.8ಕ್ಕೆ ಇಳಿಯಿತು. ಎಸ್‌ಪಿಡಿಯ ವೋಟು 1.6 ಕೋಟಿಯಿಂದ ಒಂದು ಕೋಟಿಗೆ ಬಂತು. ಮರ್ಕೆಲ್ ಕಡೆಯ ವೋಟೂ ಇಳಿದಿತ್ತು, ಆದರೆ ಗೆದ್ದದ್ದು ಅವರೇ. ಎಸ್‌ಪಿಡಿಯ ಹಳೆಯ ಮತದಾರರಲ್ಲಿ ಸುಮಾರು 20 ಲಕ್ಷ ಜನ ಬೇರೆ ಯಾರಿಗೂ ಹಾಕದೆ ಮನೆಯಲ್ಲಿ ಉಳಿದರು ಎಂದು ಆ ರಾತ್ರಿಯ ಅಂದಾಜುಗಳು ಹೇಳಿದವು.

ಜನರನ್ನು ಬೂತಿನಿಂದ ದೂರ ಇಡುವುದನ್ನೇ ಒಂದು ತಂತ್ರ ಅಂತ ಮಾಡಿಕೊಂಡರೆ ಪ್ರಜಾಪ್ರಭುತ್ವಕ್ಕೆ ಅದು ಒಳ್ಳೆಯದಲ್ಲ. ಕಾನೂನು ಮುರಿದಿಲ್ಲ, ಸರಿ. ಆದರೂ ನನಗೆ ಅದನ್ನು ಜಾಣತನ ಎಂದು ಹೊಗಳಲು ಮನಸ್ಸು ಬರುವುದಿಲ್ಲ.

ಎಲ್ಲ ಗೈರುಹಾಜರಿಯೂ ಮುನಿಸಿನಿಂದಲೇ ಬರುವುದಿಲ್ಲ. ಗೆಲುವು ಖಚಿತ ಅಂತ ಗೊತ್ತಿದ್ದಾಗ, "ನನ್ನ ಒಂದು ವೋಟಿನಿಂದ ಏನಾಗ್ಬೇಕು" ಅಂತ ಕೂರುವವರೂ ಇದ್ದಾರೆ. ಬ್ರಿಟನ್ನಿನ 2001ರ ಚುನಾವಣೆ ಹಾಗಿತ್ತು. ಲೇಬರ್ ಪಕ್ಷದ ಪ್ರಧಾನಿ ಟೋನಿ ಬ್ಲೇರ್ ಗೆಲ್ಲುತ್ತಾರೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಗೆದ್ದರು ಕೂಡ. ಆದರೆ 1997ರಲ್ಲಿ 1.35 ಕೋಟಿ ಇದ್ದ ಲೇಬರ್ ವೋಟು 1.07 ಕೋಟಿಗೆ ಇಳಿದಿತ್ತು. ಒಟ್ಟು ಮತದಾನ ಶೇ. 71ರಿಂದ ಶೇ. 59ಕ್ಕೆ ಬಿದ್ದಿತ್ತು. ತೀರಾ ಕಡಿಮೆ ಮತದಾನ ಆದದ್ದು ಲೇಬರ್ ಪಕ್ಷದ ಭದ್ರಕೋಟೆಗಳಲ್ಲೇ. ಲಿವರ್‌ಪೂಲ್ ರಿವರ್‌ಸೈಡ್ ಕ್ಷೇತ್ರದಲ್ಲಿ ವೋಟು ಹಾಕಿದವರು ನೂರಕ್ಕೆ ಮೂವತ್ತನಾಲ್ಕು ಜನ ಮಾತ್ರ. ಗೆಲುವು ಖಚಿತ ಎಂಬ ನಿರಾಳತೆ ಎಷ್ಟು, ಪಕ್ಷ ತಮ್ಮನ್ನು ಮರೆತಿದೆ ಎಂಬ ಬೇಸರ ಎಷ್ಟು ಎಂದು ಇಲ್ಲಿ ಬೇರ್ಪಡಿಸುವುದು ಕಷ್ಟ. ಗೆದ್ದ ಖುಷಿಯಲ್ಲಿದ್ದ ಪಕ್ಷಕ್ಕೆ ಬೇರ್ಪಡಿಸಿ ನೋಡುವ ಅವಸರವೂ ಇರಲಿಲ್ಲ.

2024ರಲ್ಲಿ ಅದೇ ದೇಶದಲ್ಲಿ ಜಪಾನಿನ ಕತೆ ಮರುಕಳಿಸಿತು. ಲೇಬರ್ 2019ರಲ್ಲಿ 1.03 ಕೋಟಿ ವೋಟು ಪಡೆದು ಸೋತಿತ್ತು. 2024ರಲ್ಲಿ 97 ಲಕ್ಷ ಪಡೆದು 411 ಸೀಟು ಗೆದ್ದಿತು. ಕನ್ಸರ್ವೇಟಿವ್ ಪಕ್ಷದ ವೋಟು 1.4 ಕೋಟಿಯಿಂದ 68 ಲಕ್ಷಕ್ಕೆ ಇಳಿದಿತ್ತು. ಒಂದಷ್ಟು ಜನ ಬಲಪಂಥದ ರಿಫಾರ್ಮ್ ಪಕ್ಷಕ್ಕೆ ಹೋದರು, ಒಂದಷ್ಟು ಜನ ಬೂತಿಗೇ ಹೋಗಲಿಲ್ಲ.

ಚುನಾವಣೆಯ ಮೇಲೆಯೇ ನಂಬಿಕೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯ ಉದಾಹರಣೆ. 2020ರ ನವೆಂಬರ್‌ನಲ್ಲಿ ಸೆನೆಟ್ ಸ್ಥಾನಕ್ಕೆ ನಿಂತ ರಿಪಬ್ಲಿಕನ್ ಅಭ್ಯರ್ಥಿ ಡೇವಿಡ್ ಪರ್ಡ್ಯೂ ಎದುರಾಳಿ ಜಾನ್ ಆಸಫ್‌ಗಿಂತ ಸುಮಾರು 88 ಸಾವಿರ ವೋಟು ಮುಂದಿದ್ದರು. ಅರ್ಧಕ್ಕಿಂತ ಜಾಸ್ತಿ ಸಿಗದ ಕಾರಣ 2021ರ ಜನವರಿ 5ರಂದು ಮರುಸ್ಪರ್ಧೆ ನಡೆಯಿತು. ನಡುವಿನ ಎರಡು ತಿಂಗಳು ಅಧ್ಯಕ್ಷ ಟ್ರಂಪ್ ಮತ್ತು ಅವರ ಕಡೆಯವರು ಮತ ಎಣಿಕೆಯಲ್ಲಿ ಮೋಸ ಆಗಿದೆ ಎಂದು ಹೇಳುತ್ತಲೇ ಇದ್ದರು. ಟ್ರಂಪ್ ಪರವಾಗಿದ್ದ ವಕೀಲ ಲಿನ್ ವುಡ್ ಒಂದು ಸಭೆಯಲ್ಲಿ, ಇದನ್ನು ಸರಿಪಡಿಸುವ ತನಕ ವೋಟು ಹಾಕಬೇಡಿ ಎಂಬ ಅರ್ಥದಲ್ಲಿ ಮಾತಾಡಿದರು. ಕಟ್ಟಾ ಬೆಂಬಲಿಗರು ಅದನ್ನು ನಂಬಿದರು. ನನ್ನ ವೋಟು ಎಣಿಸುವುದೇ ಇಲ್ಲ ಅಂದಮೇಲೆ ಯಾಕೆ ಹೋಗಬೇಕು, ಅಲ್ವಾ? ಮತದಾನ ಸುಮಾರು ಐದು ಲಕ್ಷ ಕಡಿಮೆ ಆಯಿತು. ಹೆಚ್ಚು ಇಳಿದದ್ದು ರಿಪಬ್ಲಿಕನ್ ಬಲ ಇದ್ದ ಪ್ರದೇಶಗಳಲ್ಲಿ. ಪರ್ಡ್ಯೂ ಸುಮಾರು 55 ಸಾವಿರ ವೋಟಿನಿಂದ ಸೋತರು. ಅದೇ ದಿನ ಮರುಸ್ಪರ್ಧೆ ನಡೆದ ಜಾರ್ಜಿಯಾದ ಇನ್ನೊಂದು ಸೆನೆಟ್ ಸ್ಥಾನವೂ ಹೋಯಿತು. ಇಡೀ ಸೆನೆಟ್ ಕೈತಪ್ಪಿತು.

ಇದಕ್ಕಿಂತ ಸಂಕಟದ ಸ್ಥಿತಿ ಇನ್ನೊಂದಿದೆ. ಎಲ್ಲದರಲ್ಲೂ ಪಕ್ಷದ ಜತೆ ಇದ್ದು, ಒಂದೇ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಳ್ಳುವುದು. 2024ರಲ್ಲಿ ಅಮೆರಿಕದ ಅನೇಕ ಡೆಮಾಕ್ರಟಿಕ್ ಬೆಂಬಲಿಗರಿಗೆ ಗಾಜಾ ಯುದ್ಧ ಹಾಗಿತ್ತು. ಆ ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯದಲ್ಲಿ, ಅಭ್ಯರ್ಥಿಯನ್ನು ಆರಿಸುವ ಪಕ್ಷದ ಒಳಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಬೂತಿಗೆ ಹೋಗಿ, ಬೈಡನ್ ಹೆಸರು ಬಿಟ್ಟು "ಯಾರಿಗೂ ಬದ್ಧರಲ್ಲ" ಎಂಬ ಗುರುತು ಹಾಕಿ ಬಂದರು. ಇದು ಹರ್ಷ್‌ಮನ್ ಹೇಳಿದ ದನಿ ಎತ್ತುವ ಕೆಲಸ. ಒಳಗಿದ್ದುಕೊಂಡೇ, ಲೆಕ್ಕಕ್ಕೆ ಸಿಗುವಂತೆ ಹೇಳಿದ ಮಾತು. ತಮಗೆ ಸಿಗಬೇಕಾದ ಉತ್ತರ ಸಿಗಲಿಲ್ಲ ಅಂತ ಅವರಲ್ಲಿ ಬಹಳ ಜನರಿಗೆ ಅನಿಸಿತು. ನವೆಂಬರ್ ಹೊತ್ತಿಗೆ ಏನಾಯಿತು? ಪ್ಯೂ ಸಂಶೋಧನಾ ಕೇಂದ್ರದ ಪ್ರಕಾರ 2020ರಲ್ಲಿ ಬೈಡನ್‌ಗೆ ಹಾಕಿದ್ದವರಲ್ಲಿ ಶೇ. 15ರಷ್ಟು ಜನ 2024ರಲ್ಲಿ ವೋಟೇ ಹಾಕಲಿಲ್ಲ. ಟ್ರಂಪ್‌ಗೆ ಹಾಕಿದ್ದವರಲ್ಲಿ ಹಾಗೆ ಉಳಿದವರು ಶೇ. 11. ಇದಕ್ಕೆಲ್ಲ ಗಾಜಾ ಒಂದೇ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ಬೆಲೆ ಏರಿಕೆ ಇತ್ತು, ಅಭ್ಯರ್ಥಿ ಬದಲಾಗಿದ್ದರು. ಆದರೆ ಸತ್ತ ಮಕ್ಕಳ ಫೋಟೊ ನೋಡಿ ನೋಡಿ ಕೈ ಬಾರದೆ ಕೂತವರನ್ನು ಸೋಮಾರಿಗಳು ಅನ್ನುವುದು ಅನ್ಯಾಯ.

ಎರಡು ಕಡೆಯಿಂದ ಎಳೆತ ಇದ್ದಾಗ ಮನುಷ್ಯ ಹಿಂದೆ ಸರಿಯುತ್ತಾನೆ ಎಂಬುದು ಹಳೆಯ ಸಂಗತಿ. 1940ರಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ತಂಡ ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಒಂದೇ ಗುಂಪಿನ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದರು. ಮನೆಯವರು ಒಂದು ಕಡೆ, ಕೆಲಸದ ಜಾಗದವರು ಇನ್ನೊಂದು ಕಡೆ ಇದ್ದವರು ತೀರ್ಮಾನವನ್ನು ಮುಂದಕ್ಕೆ ಹಾಕುತ್ತಿದ್ದರು. ಚುನಾವಣೆಯ ಬಗ್ಗೆ ಅವರ ಆಸಕ್ತಿಯೇ ಕುಗ್ಗುತ್ತಿತ್ತು.

ಈಗ ಕೇಳಬೇಕಾದ ಪ್ರಶ್ನೆ: ಮನೆಯಲ್ಲಿ ಕೂತು ಕೊಟ್ಟ ಸಂದೇಶ ಪಕ್ಷಕ್ಕೆ ತಲುಪುತ್ತದಾ? ತಲುಪುವುದು ಬಹಳ ಕಷ್ಟ. ಮತ ಎಣಿಕೆಯ ಹಾಳೆಯಲ್ಲಿ ಮುನಿಸಿಗೆ ಕಾಲಂ ಇಲ್ಲ. ಬೂತ್ ಏಜೆಂಟರ ಕೈಯಲ್ಲಿರುವ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ಗುರುತು ಬಿದ್ದಿಲ್ಲ ಅಂದರೆ ಆ ವ್ಯಕ್ತಿ ಕಾಯಿಲೆ ಬಿದ್ದಿರಬಹುದು, ಊರಲ್ಲಿ ಇಲ್ಲದೆ ಇರಬಹುದು, ತೀರಿಕೊಂಡಿರಲೂಬಹುದು. ಪಕ್ಷ ನಡುವಿಗೆ ಸರಿದದ್ದಕ್ಕೆ ಬೇಜಾರಾಗಿ ನೀವು ಮನೆಯಲ್ಲಿ ಕೂತಿರುತ್ತೀರಿ. ಪಕ್ಷ ಸಾಕಷ್ಟು ನಡುವಿಗೆ ಸರಿಯಲಿಲ್ಲ ಅಂತ ಪಕ್ಕದ ಮನೆಯವರು ಕೂತಿರುತ್ತಾರೆ. ಸೋತ ಮೇಲೆ ನಡೆಯುವ ಪರಾಮರ್ಶೆ ಸಭೆಯಲ್ಲಿ ಪ್ರತಿ ಬಣವೂ ತನಗೆ ಬೇಕಾದ ಅರ್ಥ ಹಚ್ಚುತ್ತದೆ. ನಿಮ್ಮ ಮೌನವನ್ನು ಯಾರು ಬೇಕಾದರೂ ತಮ್ಮ ಮಾತಿಗೆ ಸಾಕ್ಷಿ ಮಾಡಿಕೊಳ್ಳಬಹುದು.

ಭಾರತದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪಿನಿಂದ ನೋಟಾ ಬಂತು. ನೋಟಾಗೆ ಎಷ್ಟೇ ವೋಟು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಹಾಗಾಗಿ ಅದರಿಂದ ಪ್ರಯೋಜನ ಇಲ್ಲ ಅನ್ನುವವರು ಬಹಳ. ಆದರೆ 2024ರ ಲೋಕಸಭಾ ಚುನಾವಣೆಯಲ್ಲಿ ಇಂದೋರ್‌ನಲ್ಲಿ ಆದದ್ದನ್ನು ನೋಡಿ. ಕಾಂಗ್ರೆಸ್ ಅಭ್ಯರ್ಥಿ ಕೊನೆಯ ಗಳಿಗೆಯಲ್ಲಿ ನಾಮಪತ್ರ ವಾಪಸ್ ಪಡೆದು ಬಿಜೆಪಿ ಕಡೆ ಹೋದರು. ಪಕ್ಷದ ಬೆಂಬಲಿಗರಿಗೆ ಹಾಕಲು ಚಿಹ್ನೆಯೇ ಇಲ್ಲದಂತಾಯಿತು. ನೋಟಾ ಒತ್ತಿ ಎಂದು ಕಾಂಗ್ರೆಸ್ ಕರೆ ಕೊಟ್ಟಿತು. 2,18,674 ವೋಟು ನೋಟಾಗೆ ಬಿತ್ತು. ಬಿಜೆಪಿ ಹನ್ನೆರಡು ಲಕ್ಷಕ್ಕೂ ಹೆಚ್ಚು ವೋಟು ಪಡೆದು ಸುಲಭವಾಗಿ ಗೆದ್ದಿತು, ಅದು ಬೇರೆ ಮಾತು. ಆ ಎರಡು ಲಕ್ಷದ ಅರ್ಥ ಏನು ಎಂದು ಯಾರೂ ತಡಕಾಡಬೇಕಾಗಲಿಲ್ಲ. ಇಷ್ಟೂ ಜನ ಮನೆಯಲ್ಲಿ ಕೂತಿದ್ದರೆ "ಬಿಸಿಲು ಜಾಸ್ತಿ ಇತ್ತು" ಎಂದು ವರದಿ ಬರುತ್ತಿತ್ತು.

ಅದಕ್ಕೇ, ಮುನಿಸು ಇದ್ದರೂ ಬೂತಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಖಾಲಿ ಮತವೋ, ನೋಟಾವೋ, ಸಣ್ಣ ಪಕ್ಷವೋ, ಎಣಿಕೆಗೆ ಸಿಗುವ ಏನಾದರೂ ಇರಲಿ. ಆಸ್ಟ್ರೇಲಿಯಾದಲ್ಲಿ 1924ರಿಂದ ಮತದಾನ ಕಡ್ಡಾಯ. ಅಲ್ಲಿ ಮುನಿಸಿಕೊಂಡವರೂ ಬೂತಿಗೆ ಬರಲೇಬೇಕು. ನೂರಕ್ಕೆ ಸುಮಾರು ಐದು ಮತಪತ್ರ ಅಸಿಂಧು ಆಗುತ್ತವೆ. ಕೆಲವು ಕೈತಪ್ಪಿನಿಂದ ಹಾಗಾದರೆ ಇನ್ನು ಕೆಲವು ಬೇಕೆಂದೇ ಮಾಡಿದವು. ನಮ್ಮವರು ಬರುತ್ತಾರೋ ಇಲ್ಲವೋ ಎಂಬ ಚಿಂತೆ ಅಲ್ಲಿಯ ಪಕ್ಷಗಳಿಗೆ ಅಷ್ಟಾಗಿ ಇಲ್ಲ. ಆದರೆ ಕಡ್ಡಾಯ ಮಾಡಿದ ಮಾತ್ರಕ್ಕೆ ಪಕ್ಷಗಳು ತಮ್ಮವರ ಮಾತು ಕೇಳುತ್ತವೆ ಎಂದು ನನಗೆ ಅನಿಸುವುದಿಲ್ಲ.

ಕೇಳುವುದು ಹೇಗೆ ಎಂಬುದು ಅಂಥ ದೊಡ್ಡ ರಹಸ್ಯವೂ ಅಲ್ಲ. ರಾಜಕೀಯ ವಿಜ್ಞಾನಿಗಳಾದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಫೋನ್, ಕೆಲವರಿಗೆ ಅಂಚೆ, ಕೆಲವರ ಮನೆಗೆ ನೇರ ಭೇಟಿ. ಮನೆಗೆ ಹೋಗಿ ಎದುರಾ ಎದುರು ಮಾತಾಡಿಸಿದವರಲ್ಲಿ ಮತದಾನ ಚೆನ್ನಾಗಿ ಏರಿತು. ಫೋನಿನಿಂದ ಏನೂ ಆಗಲಿಲ್ಲ. ಆದರೆ ಪಕ್ಷದ ಕಾರ್ಯಕರ್ತರು ಹೊಯ್ದಾಡುವವರ ಮನೆಗೆ ನಾಲ್ಕು ಸಲ ಹೋಗುತ್ತಾರೆ. ಕಟ್ಟಾ ಬೆಂಬಲಿಗರ ಮನೆಯನ್ನು ದಾಟಿಕೊಂಡು ಹೋಗುತ್ತಾರೆ. ನಮ್ಮವರೇ ಅಲ್ವಾ, ಬಂದೇ ಬರ್ತಾರೆ ಅಂತ. ಹೋದರೂ ಚುನಾವಣೆಗೆ ವಾರ ಇರುವಾಗ, ಕೈಯಲ್ಲಿ ಕರಪತ್ರ ಹಿಡಿದು. ಸೋತ ಮರುವಾರ ಹೋಗಿ, "ಈ ಸಲ ಯಾಕೆ ಬರಲಿಲ್ಲ?" ಎಂದು ಕೂತು ಕೇಳುವ ಪಕ್ಷ ಅಪರೂಪ.

ಮುನಿಸು ಎಷ್ಟು ಆಳಕ್ಕೆ ಇಳಿದಿರಬಹುದು ಎಂದು ಯೋಚಿಸುವಾಗ ನನಗೆ ನೆನಪಾಗುವುದು ಫ್ರಾನ್ಸಿನ 2002. ಏಪ್ರಿಲ್ 21ರಂದು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು. ಮೊದಲ ಇಬ್ಬರು ಮಾತ್ರ ಎರಡನೇ ಸುತ್ತಿಗೆ ಹೋಗುತ್ತಾರೆ. ಸಮಾಜವಾದಿ ಪಕ್ಷದ ಪ್ರಧಾನಿ ಲಿಯೊನೆಲ್ ಜೋಸ್ಪಾ ಎರಡನೇ ಸುತ್ತಿಗೆ ಬಂದೇ ಬರುತ್ತಾರೆ ಎಂದು ಎಲ್ಲರೂ ನಂಬಿದ್ದರು. ಕಣದಲ್ಲಿ 16 ಅಭ್ಯರ್ಥಿಗಳು. ಎಡಪಂಥದ ವೋಟು ಹಲವರಲ್ಲಿ ಹಂಚಿಹೋಯಿತು. ಶೇ. 28.4ರಷ್ಟು ಮತದಾರರು ಮನೆಯಲ್ಲಿ ಉಳಿದರು, ಆವರೆಗಿನ ಮೊದಲ ಸುತ್ತುಗಳಲ್ಲೇ ಅತಿ ಹೆಚ್ಚು. ಸುಮಾರು 1.95 ಲಕ್ಷ ವೋಟಿನ ಅಂತರದಲ್ಲಿ ಜೋಸ್ಪಾ ಮೂರನೇ ಸ್ಥಾನಕ್ಕೆ ಬಿದ್ದರು. ಬಲಪಂಥದ ಅಧ್ಯಕ್ಷ ಜಾಕ್ ಶಿರಾಕ್ ಎದುರು ಎರಡನೇ ಸುತ್ತಿಗೆ ಬಂದದ್ದು ತೀವ್ರ ಬಲಪಂಥದ ಜಾನ್ ಮರಿ ಲೆ ಪೆನ್. ಅದೇ ರಾತ್ರಿ ಜೋಸ್ಪಾ ರಾಜಕೀಯದಿಂದ ನಿವೃತ್ತಿ ಘೋಷಿಸಿದರು.

ಮೇ 1ರಂದು ದೇಶದ ತುಂಬ ಹತ್ತು ಲಕ್ಷಕ್ಕೂ ಹೆಚ್ಚು ಜನ ಬೀದಿಗಿಳಿದರು. ಮೇ 5ರಂದು ವೋಟು ಹಾಕದವರ ಪ್ರಮಾಣ ಶೇ. 20ಕ್ಕೆ ಇಳಿಯಿತು. ಅದುವರೆಗೆ ಎಡಪಕ್ಷಗಳನ್ನು ಬಿಟ್ಟು ಬೇರೆಯವರಿಗೆ ಹಾಕದಿದ್ದವರು ಅಂದು ಹೋಗಿ ತಮ್ಮ ಹಳೆಯ ಎದುರಾಳಿ ಜಾಕ್ ಶಿರಾಕ್‌ಗೆ ಹಾಕಿ ಬಂದರು. ಅವರ ಸ್ವಂತ ಪಕ್ಷದ ಹೆಸರು ಆ ದಿನ ಆಯ್ಕೆಯಲ್ಲೇ ಇರಲಿಲ್ಲ. ಶಿರಾಕ್ ಶೇ. 82 ವೋಟು ಪಡೆದು ಗೆದ್ದರು.

ಐದು ವಾರ ಕಳೆದು ಜೂನ್ 9ರಂದು ಸಂಸತ್ ಚುನಾವಣೆಯ ಮೊದಲ ಸುತ್ತು ಬಂತು. ಈಗ ಸಮಾಜವಾದಿ ಪಕ್ಷ ಮತ್ತೆ ಕಣದಲ್ಲಿತ್ತು. ವೋಟು ಹಾಕದೆ ಮನೆಯಲ್ಲಿ ಉಳಿದವರು ಏಪ್ರಿಲ್‌ಗಿಂತಲೂ ಜಾಸ್ತಿ, ಶೇ. 35ಕ್ಕೂ ಮೇಲೆ.